ಬಾಟಲಿ ಕಿತ್ಕೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳಿ: ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಹದಿಹರೆಯದ ಮಕ್ಕಳು ನಶೆ ಕಡೆ ಹೋದಾಗ

ಹದಿನಾರು ವರ್ಷದ ಹುಡುಗಿ. ಮನೇಲಿ ಕಪಾಟಿನ ಮೇಲಿದ್ದ ಅಪ್ಪನ ಬಾಟಲಿಯಿಂದ ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪ ಕುಡಿದು, ಕುಡಿದಷ್ಟೇ ನೀರು ತುಂಬಿಸಿ ಇಡ್ತಿದ್ಳು. ಬಣ್ಣ ತೆಳ್ಳಗಾಗಿರೋದು ಅಪ್ಪನ ಕಣ್ಣಿಗೆ ಬೀಳೋಕೆ ಎರಡು ತಿಂಗಳು ಬೇಕಾಯ್ತು. ಆಮೇಲೇನು, ಬೈಗುಳ, ಅಳು, ಫೋನ್ ಕಿತ್ಕೊಂಡಿದ್ದು, ಇನ್ಮೇಲೆ ಸ್ಕೂಲ್ ಬಿಟ್ಟು ಹೊರಗೆ ಕಾಲಿಡೋ ಹಾಗಿಲ್ಲ ಅಂತ ಆರ್ಡರ್. ಯಾರಿಗೂ ಗೊತ್ತಿರದ ವಿಷಯ ಅಂದ್ರೆ, ಅವಳ ಮೇಲೆ ಕೈ ಹಾಕಿದ್ದ ಮನುಷ್ಯ ಆ ಮನೆಗೇ ವಾರಕ್ಕೆರಡು ಸಲ ಬಂದು ಹೋಗೋ ನೆಂಟ. ಅಂದ್ರೆ ಶಿಕ್ಷೆ ಅಂತ ಅವಳನ್ನ ಕೂಡಿ ಹಾಕಿದ್ದು ಅದೇ ಜಾಗದಲ್ಲಿ.

ಮೂರು ವಾರ ಆದ್ಮೇಲೆ ನನ್ನ ಮುಂದೆ ಕೂತಿದ್ಲು. ಯಾಕೆ ಕುಡಿದೆ ಅಂತ ಕೇಳೋದು ಬಿಟ್ಟು "ಕುಡಿದಾಗ ಏನು ಕಮ್ಮಿ ಆಗತ್ತೆ?" ಅಂದೆ. ತುಂಬ ಹೊತ್ತು ಸುಮ್ನಿದ್ದು "ಚಿಲಕದ ಸದ್ದು" ಅಂದ್ಲು. ಅಷ್ಟೇ. ರಾತ್ರಿ ಮಲಗಿದ್ರೆ ಬಾಗಿಲ ಚಿಲಕ ತೆಗೆದ ಹಾಗೆ ಸದ್ದು ಕೇಳತ್ತೆ, ಕುಡಿದ್ರೆ ಕೇಳ್ಸಲ್ಲ.

(ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ನಾನು ಡಾಕ್ಟರ್ ಅಲ್ಲ, ಹದಿಹರೆಯದ ಮಕ್ಕಳ ಜೊತೆ ಕೂತು ಮಾತಾಡೋ ಕೆಲಸ ನಂದು, ಇದನ್ನ ಬರೀತಿರೋದು ಅಪ್ಪ ಅಮ್ಮ ಅಕ್ಕ ಅಣ್ಣ ಟೀಚರ್, ಯಾರೇ ಆಗ್ಲಿ, ಇಂಥ ಮಗುವಿನ ಪಕ್ಕದಲ್ಲಿ ಇರೋರಿಗೆ.)

ಇಂಥ ಮಕ್ಕಳ ವಿಷಯದಲ್ಲಿ ನಾವೆಲ್ಲ ಮಾಡೋ ತಪ್ಪು ಒಂದೇ. ನಶೆಯನ್ನ ಒಂದು ಪ್ರಾಬ್ಲಮ್ ಅಂತ, ನಡೆದಿದ್ದನ್ನ ಇನ್ನೊಂದು ಪ್ರಾಬ್ಲಮ್ ಅಂತ ಬೇರೆ ಬೇರೆ ಇಟ್ಟು, ಕಣ್ಣಿಗೆ ಕಾಣೋದನ್ನ ಮೊದಲು ಹಿಡ್ಕೊಂಡು ಬಡೀತೀವಿ. ಮಗುವಿಗೆ ಮಾತ್ರ ಅವೆರಡೂ ಒಂದೇ. ಕೈಗೆ ಸಿಕ್ಕಿದ ಔಷಧಿ ಅದು, ಕೆಟ್ಟ ಔಷಧಿ ನಿಜ, ಆದ್ರೂ ಆ ರಾತ್ರಿಗೆ ಕೆಲಸ ಮಾಡಿದ್ದು ಅದೊಂದೇ.

ಹೆಜ್ಜೆ 1: ಮಗು ಬಾಯಿಬಿಟ್ಟಾಗ ಮೊದಲ ಹತ್ತು ನಿಮಿಷ

ಮಕ್ಕಳು ಇದನ್ನ ಕೂತು ಹೇಳಿ ಮುಗಿಸಲ್ಲ. ಕಾರಲ್ಲಿ ಹೋಗ್ತಾ, ಪಾತ್ರೆ ತೊಳೀತಾ, ಮುಖ ನೋಡೋದು ಬೇಡದ ಹೊತ್ತಲ್ಲಿ ಒಂದು ಸಾಲು ಬಿಡ್ತಾರೆ, ಬಿಟ್ಟು ನಿಮ್ಮ ಮುಖ ಹೇಗಾಗತ್ತೆ ಅಂತ ಓರೆಗಣ್ಣಲ್ಲಿ ನೋಡ್ತಾರೆ. ನಿಮ್ಮ ಮುಖ ನೋಡಿದ್ಮೇಲೇನೇ ಎರಡನೇ ಸಾಲು ಬರತ್ತೋ ಇಲ್ವೋ ತೀರ್ಮಾನ ಆಗೋದು. ಹಾಗಾಗಿ ಎದೆ ಒಡೆದ್ರೂ ದನಿ ಏರಿಸ್ಬೇಡಿ, "ಅವನನ್ನ ಕೊಂದೇ ಬಿಡ್ತೀನಿ" ಅಂತ ಎದ್ದು ನಿಲ್ಬೇಡಿ, ಯಾಕಂದ್ರೆ ಆ ಕ್ಷಣಕ್ಕೆ ಮಗುವಿಗೆ ಒಂದರ ಜೊತೆ ಇನ್ನೊಂದು ಭಯ ಶುರುವಾಗತ್ತೆ, ನನ್ನಿಂದ ಅಪ್ಪ ಜೈಲಿಗೆ ಹೋಗ್ತಾನೆ ಅಂತ.

ಹೇಳ್ಬೇಕಾಗಿರೋದು ತುಂಬ ಕಮ್ಮಿ. "ನೀನು ಹೇಳಿದ್ದನ್ನ ನಂಬ್ತೀನಿ." "ಇದು ನಿನ್ನ ತಪ್ಪಲ್ಲ." "ಹೇಳಿದ್ದು ಒಳ್ಳೇದಾಯ್ತು, ನಾನಿಲ್ಲೇ ಇದೀನಿ." ಸಾಕು. ಎಲ್ಲಿ, ಯಾವಾಗ, ಹೇಗೆ, ಎಷ್ಟು ಸಲ ಅಂತ ಪೊಲೀಸರ ಹಾಗೆ ಕೆದಕೋದು ನಿಮ್ಮ ಕೆಲಸ ಅಲ್ಲ. ಅದನ್ನ ಕೇಳೋಕೆ ಟ್ರೇನಿಂಗ್ ಆಗಿರೋರು ಒಂದೇ ಸಲ ಕೇಳಿದ್ರೆ ಮಗುವಿಗೆ ಎಷ್ಟೋ ವಾಸಿ.

ಇನ್ನೊಂದು ಮಾತು ಬಾಯಿಗೆ ಬಂದೇ ಬರತ್ತೆ, ನುಂಗ್ಕೊಳ್ಳಿ: "ಯಾಕೆ ಕಿರುಚ್ಲಿಲ್ಲ? ಯಾಕೆ ಓಡ್ಲಿಲ್ಲ?" ಜೀವಕ್ಕೆ ಕುತ್ತು ಬಂದಾಗ ಮೈ ಕಲ್ಲಿನ ಹಾಗೆ ಮರಗಟ್ಟೋದು ಮೆದುಳಿನ ರಿಫ್ಲೆಕ್ಸ್, ಮನಸ್ಸಿನ ತೀರ್ಮಾನ ಅಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಲ್ಲಿ ಅತ್ಯಾಚಾರ ಆದ್ಮೇಲೆ ಎಮರ್ಜೆನ್ಸಿ ಕ್ಲಿನಿಕ್ಕಿಗೆ ಬಂದ 298 ಹೆಂಗಸರನ್ನ ಕೇಳಿ 2017ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಅವರಲ್ಲಿ 70% ಜನಕ್ಕೆ ಗಮನಾರ್ಹವಾಗಿ ಹೀಗೇ ಮೈ ಮರಗಟ್ಟಿತ್ತು. ಈ ವಿಷಯವನ್ನ ಮಗುವಿಗೂ ಹೇಳಿ. "ನಾನ್ಯಾಕೆ ಸುಮ್ನಿದ್ದೆ" ಅನ್ನೋ ಪ್ರಶ್ನೆ ಮುಚ್ಚಿಸೋಕೇ ಎಷ್ಟೋ ಮಕ್ಕಳು ಕುಡಿಯೋದು.

ಘಟನೆ ನಡೆದಾಗ ಮಗು ತಾನೇ ಕುಡಿದಿತ್ತು, ಪಾರ್ಟಿಗೆ ಸುಳ್ಳು ಹೇಳಿ ಹೋಗಿತ್ತು ಅಂತಾದ್ರೆ? ಆಗ್ಲೂ ಅದೇ ಮಾತು. ಸುಳ್ಳು ಹೇಳಿ ಹೋಗಿದ್ದಕ್ಕೆ ಬೈಗುಳ ತಿನ್ಬೇಕಾಗಬಹುದು, ಅದಕ್ಕೆ ಸಿಗೋ ಫಲ ಬೈಗುಳ ಅಷ್ಟೇ ಆಗಿರ್ಬೇಕಿತ್ತು. ಅವತ್ತು ಬೈಯೋದು ಬೇಡ, ಅವತ್ತಲ್ಲ.

ಮತ್ತೆ, "ಯಾರಿಗೂ ಹೇಳಲ್ಲ" ಅಂತ ಮಾತು ಕೊಡ್ಬೇಡಿ. ಬಹಳ ದೇಶಗಳಲ್ಲಿ ಹದಿನೆಂಟರ ಒಳಗಿನ ಮಗುವಿನ ಮೇಲೆ ದೌರ್ಜನ್ಯ ಆಗಿರೋದು ಗೊತ್ತಾದ್ರೆ ಟೀಚರು, ಡಾಕ್ಟರು, ಕೆಲವು ಕಡೆ ಎಲ್ಲರೂ, ವರದಿ ಮಾಡ್ಲೇಬೇಕು ಅಂತ ಕಾನೂನಿದೆ. "ಯಾರ್ಯಾರಿಗೆ ಹೇಳ್ಬೇಕಾಗತ್ತೋ ಅದನ್ನ ಮೊದಲು ನಿನಗೆ ತಿಳಿಸಿ ಆಮೇಲೆ ಹೇಳ್ತೀನಿ" ಅನ್ನಿ, ಅದು ಉಳಿಸ್ಕೊಳ್ಳೋಕಾಗೋ ಮಾತು.

ಹೆಜ್ಜೆ 2: ಈಗ ಮಗು ಸೇಫಾ?

ಮಾಡಿದೋನು ಬಹುಪಾಲು ಪರಿಚಯದೋನೇ ಆಗಿರ್ತಾನೆ. ಮನೆಗೆ ಬರೋನು, ಸ್ಕೂಲಲ್ಲಿ ಇರೋನು, ಬಾಯ್‌ಫ್ರೆಂಡು. ಅವನು ಇನ್ನೂ ಮಗುವಿನ ಹತ್ರ ಬರೋ ಹಾಗಿದ್ರೆ, ಫೋಟೋ ವಿಡಿಯೋ ಇಟ್ಕೊಂಡು ಹೆದರಿಸ್ತಿದ್ರೆ, ನಶೆ ಸಾಮಾನು ಕೊಡ್ತಿರೋದೂ ಅವನೇ ಆಗಿದ್ರೆ (ಇದು ನೀವಂದ್ಕೊಂಡಿದ್ದಕ್ಕಿಂತ ಜಾಸ್ತಿ ನಡೆಯತ್ತೆ, ಮೊದಲು ಅಭ್ಯಾಸ ಮಾಡ್ಸಿ ಆಮೇಲೆ ಅದೇ ಹಗ್ಗ ಹಿಡಿದು ಎಳೆಯೋದು) ಆಗ ಯಾವ ಕೌನ್ಸೆಲಿಂಗೂ ನಾಟಲ್ಲ. ಆ ಬಾಗಿಲು ಮುಚ್ಚೋದು ಮೊದಲ ಕೆಲಸ. ಮೆಸೇಜ್ ಡಿಲೀಟ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನ್ ಪೂರ್ತಿ ಕಿತ್ಕೊಳ್ಳೋದೂ ಬೇಡ, ರಾತ್ರಿ ಎರಡು ಗಂಟೆಗೆ ಆ ಮಗು ಗೆಳತಿಗೆ ಮೆಸೇಜ್ ಹಾಕೋದು ಅದರಲ್ಲೇ.

ಘಟನೆ ಹೊಸದಾಗಿದ್ರೆ ಗಡಿಯಾರ ನೋಡ್ಲೇಬೇಕು. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆ ಒಳಗೆ ಶುರು ಮಾಡ್ಬೇಕು, ಬೇಗ ಆದಷ್ಟೂ ಒಳ್ಳೇದು. ಗರ್ಭ ತಡೆಯೋ ತುರ್ತು ಮಾತ್ರೆ 120 ಗಂಟೆವರೆಗೆ, ಅದೂ ಮೊದಲೇ ತಗೊಂಡಷ್ಟು ಹೆಚ್ಚು ಕೆಲಸ ಮಾಡತ್ತೆ. ಕುಡಿಯೋದರಲ್ಲಿ ಏನೋ ಬೆರೆಸಿದ್ರು ಅಂತ ಅನುಮಾನ ಇದ್ರೆ ಮೂತ್ರದ ಸ್ಯಾಂಪಲ್ ಆದಷ್ಟು ಬೇಗ ಕೊಡಿ, ಕೆಲವು ಪದಾರ್ಥ ಅರ್ಧ ದಿನದಲ್ಲೇ ಮಾಯ ಆಗತ್ತೆ. ಕೇಸ್ ಹಾಕೋದು ಬಿಡೋದು ಆಮೇಲಿನ ಮಾತು, ಆಸ್ಪತ್ರೆ ಮೊದಲು.

ಹೆಜ್ಜೆ 3: ನಶೆ ಏನು ಕೆಲಸ ಮಾಡಿಕೊಡ್ತಿದೆ ಅಂತ ತಿಳ್ಕೊಳ್ಳಿ

ಇದೇ ಮುಖ್ಯ, ಇಲ್ಲಿ ಟೈಮ್ ಕೊಡಿ.

ಮೊದಲು ಅರ್ಥ ಮಾಡ್ಕೊಳ್ಬೇಕಾಗಿದ್ದು, ಈ ಮಕ್ಕಳಲ್ಲಿ ಮನಸ್ಸಿನ ತೊಂದರೆ ಅಪರೂಪ ಅಲ್ಲ, ಅದೇ ಹೆಚ್ಚು. ಲಂಡನ್ನಿನಲ್ಲಿ ಲೈಂಗಿಕ ದೌರ್ಜನ್ಯ ಆದೋರಿಗೆ ಅಂತಲೇ ಇರೋ ಸೆಂಟರುಗಳಿಗೆ ಬಂದ 13ರಿಂದ 17 ವರ್ಷದ ಮಕ್ಕಳನ್ನ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ನಾಲ್ಕೈದು ತಿಂಗಳಾದ್ಮೇಲೆ ಆ ಹುಡುಗಿಯರಲ್ಲಿ 80% ಜನಕ್ಕೆ ಆತಂಕ, ಡಿಪ್ರೆಷನ್, ಪಿಟಿಎಸ್‌ಡಿ (ಆಘಾತ ಮುಗಿದ್ಮೇಲೂ ಅದರ ನೆನಪು, ಭಯ ಬಿಡದೆ ಕಾಡೋ ಕಾಯಿಲೆ) ಥರದ ಯಾವುದಾದ್ರೂ ಒಂದು ಕಾಯಿಲೆ ಇತ್ತು, ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಒಂದಕ್ಕಿಂತ ಹೆಚ್ಚು. ಹಾಗಾಗಿ "ನನ್ನ ಮಗಳು ಮಾತ್ರ ಯಾಕೆ ಇಷ್ಟು ವೀಕು" ಅಂತ ಕೇಳೋ ಅಮ್ಮಂದಿರಿಗೆ ಹೇಳ್ತೀನಿ, ವೀಕ್ ಅಲ್ಲಮ್ಮ, ಗಾಯ ಆಗಿದೆ.

ಈಗ ನಶೆಗೆ ಬನ್ನಿ. ಒಂದೊಂದು ಮಗುವಿಗೆ ಅದು ಒಂದೊಂದು ಕೆಲಸ ಮಾಡ್ತಿರತ್ತೆ. ಒಬ್ಬರಿಗೆ ನಿದ್ದೆ. ಒಬ್ಬರಿಗೆ ಆ ದೃಶ್ಯ ಕಣ್ಮುಂದೆ ಬರದ ಹಾಗೆ ಪರದೆ. ಒಬ್ಬನಿಗೆ, ಹೌದು ಹುಡುಗರಿಗೂ ಆಗತ್ತೆ, ಅವರು ಹೇಳೋದು ಇನ್ನೂ ಕಷ್ಟ, ಮೈಯೆಲ್ಲ ಗಲೀಜು ಅನ್ನಿಸೋದು ಸ್ವಲ್ಪ ಹೊತ್ತು ಮರೆಯತ್ತೆ. ಇನ್ನು ಕೆಲವರಿಗೆ ಉಲ್ಟಾ, ಏನೂ ಅನ್ನಿಸ್ತಾನೇ ಇರಲ್ಲ, ಒಳಗೆಲ್ಲ ಜೋಮು ಹಿಡಿದ ಹಾಗೆ, ಏನಾದ್ರೂ ಒಂದು ಅನ್ನಿಸ್ಲಿ ಅಂತ ತಗೊಳ್ತಾರೆ. ಒಂದಷ್ಟು ಮಕ್ಕಳಿಗೆ ಕುಡಿಯೋ ಗುಂಪು ಅಂದ್ರೆ ಪ್ರಶ್ನೆ ಕೇಳದ ಜಾಗ, ಅಷ್ಟೇ. ಇವಿಷ್ಟಕ್ಕೂ "ಬಿಟ್ಬಿಡು" ಅನ್ನೋದು ಒಂದೇ ಉತ್ತರ ಅಂದ್ರೆ ಹೇಗೆ?

ಅದಕ್ಕೆ ಕೇಳಿ, ಬೈದ ಹಾಗೆ ಅಲ್ಲ, ಡಾಕ್ಟರು ಜ್ವರ ಎಷ್ಟು ದಿನದಿಂದ ಅಂತ ಕೇಳೋ ಧಾಟೀಲಿ: ಯಾವ ಹೊತ್ತಲ್ಲಿ ತಗೋಬೇಕು ಅನ್ಸತ್ತೆ? ಅದಕ್ಕೆ ಸ್ವಲ್ಪ ಮುಂಚೆ ಏನಾಗಿರತ್ತೆ? ತಗೊಂಡ್ಮೇಲೆ ಏನು ಕಮ್ಮಿ ಆಗತ್ತೆ? ಆ ಗುಣ ಎಷ್ಟು ಹೊತ್ತು ಇರತ್ತೆ? ಬೆಳಿಗ್ಗೆ ಹೇಗಿರತ್ತೆ? ಕೊನೇ ಎರಡು ಪ್ರಶ್ನೆಯಲ್ಲಿ ಮಗು ತಾನೇ ಒಂದು ಲೆಕ್ಕ ಹಾಕತ್ತೆ, ನೀವು ಉಪದೇಶ ಮಾಡೋದು ಬೇಡ.

ಆ ಲೆಕ್ಕಕ್ಕೆ ಸಹಾಯ ಆಗೋ ಒಂದು ವಿಷಯ, ಇದನ್ನ ಹೇಳಿದಾಗ ಮಕ್ಕಳು ನಿಜವಾಗ್ಲೂ ಕಿವಿಗೊಡ್ತಾರೆ. ಕುಡಿದು ಮಲಗಿದ್ರೆ ಮೊದಲ ಅರ್ಧ ರಾತ್ರಿ ಕನಸು ಬೀಳೋ ನಿದ್ದೆಯನ್ನ ಆಲ್ಕೋಹಾಲು ಅದುಮಿ ಹಿಡಿಯತ್ತೆ. ಅದು ಇಳೀತಿದ್ದ ಹಾಗೆ ಅದುಮಿಟ್ಟಿದ್ದೆಲ್ಲ ಬೆಳಗಿನ ಜಾವ ಒಟ್ಟಿಗೆ ಮೇಲೆ ಬರತ್ತೆ, ಮೂರು ಗಂಟೆಗೆ ಬೆವೆತು ಎದ್ದು ಕೂರೋದು ಅದಕ್ಕೇ. ಗಾಂಜಾದ್ದೂ ಹೆಚ್ಚುಕಮ್ಮಿ ಇದೇ ಕಥೆ, ದಿನಾ ಸೇದ್ತಿದ್ದು ನಿಲ್ಲಿಸಿದ ಮೊದಲ ವಾರಗಳಲ್ಲಿ ಕನಸು ಸಿಕ್ಕಾಪಟ್ಟೆ ಜೋರಾಗಿ ಬರತ್ತೆ, ಮಗು "ನೋಡಿ, ಬಿಟ್ರೆ ಇನ್ನೂ ಜಾಸ್ತಿ ಆಗತ್ತೆ" ಅಂತ ವಾಪಸ್ ಹೋಗತ್ತೆ. ಅದು ಕೆಲವು ವಾರದ ಆಟ, ಆಮೇಲೆ ಇಳಿಯತ್ತೆ ಅಂತ ಮೊದಲೇ ಹೇಳಿಟ್ಟಿದ್ರೆ ತಡ್ಕೊಳ್ಳೋಕೆ ಒಂದು ಆಸರೆ.

ಎಷ್ಟರ ಮಟ್ಟಿಗೆ ಹೋಗಿದೆ ಅಂತ ಅಳೆಯೋಕೆ ಡಾಕ್ಟರು ಕೌನ್ಸೆಲರ್‌ಗಳು ಬಳಸೋ ಕ್ರಾಫ್ಟ್ ಅಂತ ಆರು ಪ್ರಶ್ನೆಯ ಒಂದು ಪಟ್ಟಿ ಇದೆ, 12ರಿಂದ 21 ವಯಸ್ಸಿನೋರಿಗೆ ಅಂತ ಮಾಡಿದ್ದು. ಹೆಚ್ಚುಕಮ್ಮಿ ಹೀಗೆ: ನಶೆಯಲ್ಲಿರೋರು ಓಡಿಸೋ ಗಾಡೀಲಿ ಹೋಗಿದೀಯಾ, ಮನಸ್ಸು ಹಗುರ ಆಗ್ಲಿ ಅಂತ ತಗೊಳ್ತೀಯಾ, ಒಬ್ಬನೇ ಇದ್ದಾಗ ತಗೊಳ್ತೀಯಾ, ತಗೊಂಡಾಗ ಮಾಡಿದ್ದು ಮರೆತು ಹೋಗತ್ತಾ, ಕಮ್ಮಿ ಮಾಡು ಅಂತ ಮನೆಯೋರು ಫ್ರೆಂಡ್ಸ್ ಹೇಳಿದಾರಾ, ಅದರಿಂದ ತೊಂದರೆಗೆ ಸಿಕ್ಕಿದೀಯಾ. ಎರಡಕ್ಕೆ ಹೌದು ಬಂದ್ರೆ ಮುಂದಿನ ತಪಾಸಣೆ ಬೇಕು ಅಂತ ಲೆಕ್ಕ. ನನ್ನ ಅನುಭವದಲ್ಲಿ ಇಂಥ ಮಕ್ಕಳಲ್ಲಿ ಎದ್ದು ಕಾಣೋದು "ಒಬ್ಬಳೇ ಇದ್ದಾಗ" ಅನ್ನೋದು. ಮಜಾಕ್ಕೆ ಕುಡಿಯೋರು ಒಬ್ಬರೇ ಕೂತು ಕುಡಿಯೋದು ಕಮ್ಮಿ.

ಹೆಜ್ಜೆ 4: ಇವತ್ತಿಂದಲೇ ನಿಲ್ಸು ಅನ್ಬೇಡಿ

ವಾರಕ್ಕೊಂದು ಸಲ ತಗೊಳ್ಳೋ ಮಗುವಿಗೆ ಇದು ಅಷ್ಟಾಗಿ ಅನ್ವಯ ಆಗಲ್ಲ. ದಿನಾ ಜಾಸ್ತಿ ಕುಡೀತಿದ್ರೆ, ಅಥವಾ ನಿದ್ದೆ ಮಾತ್ರೆ, ಆತಂಕದ ಮಾತ್ರೆ ದಿನಾ ನುಂಗ್ತಿದ್ರೆ, ದಿಢೀರ್ ನಿಲ್ಸೋದು ಜೀವಕ್ಕೇ ಅಪಾಯ. ಕುಡಿತ ನಿಲ್ಸಿ 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನದಲ್ಲಿ ಗೊಂದಲ, ಇಲ್ಲದ್ದು ಕಾಣೋದು, ಮೈ ನಡುಕ, ಜ್ವರ. ಕೋಣೇಲಿ ಕೂಡಿ ಹಾಕಿ ಬಿಡಿಸೋ ಮನೆಯೋರು ಇದಾರಲ್ಲ, ದಯವಿಟ್ಟು ಮಾಡ್ಬೇಡಿ. ಡಾಕ್ಟರ್ ನೋಡ್ಕೊಂಡು ಹಂತಹಂತವಾಗಿ ಇಳಿಸ್ಬೇಕು. (ಒಳ್ಳೇ ಉದ್ದೇಶಕ್ಕೇ ಆದ್ರೂ ಇಂಥ ಮಗುವನ್ನ ಒಂದು ಕೋಣೇಲಿ ಹೊರಗಿಂದ ಚಿಲಕ ಹಾಕಿ ಇಡೋದು ಅಂದ್ರೆ ಏನು ಅಂತ ಯೋಚನೆ ಮಾಡಿ ಒಂದ್ಸಲ.)

ನಶೆಯಲ್ಲಿ ಎಚ್ಚರ ತಪ್ಪಿದ್ರೆ, ಉಸಿರು ನಿಧಾನ ಆಗಿದ್ರೆ, ತುಟಿ ನೀಲಿ ಆಗಿದ್ರೆ, ಗೊರಗೊರ ಅಂತ ಸದ್ದು ಬರ್ತಿದ್ರೆ, ಮಲಗಿ ಇಳ್ಸ್ಕೊಳ್ಳಲಿ ಅಂತ ಬಿಡ್ಬೇಡಿ. ಉಸಿರಾಡ್ತಿದ್ರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ವಾಂತಿ ಗಂಟಲಿಗೆ ಹೋಗ್ಬಾರ್ದು. ಆಂಬುಲೆನ್ಸ್ ಕರೀರಿ, ಒಬ್ಬರನ್ನೇ ಬಿಟ್ಟು ಹೋಗ್ಬೇಡಿ, ಏನು ತಗೊಂಡಿದ್ದು ಅಂತ ಡಾಕ್ಟರಿಗೆ ಮುಚ್ಚಿಡ್ಬೇಡಿ. ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ.

ಹೆಜ್ಜೆ 5: ಸಾಯೋ ಯೋಚನೆ ಬಗ್ಗೆ ನೇರವಾಗಿ ಕೇಳಿ

ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗತ್ತೆ ಅಂತ ಭಯ ಎಲ್ಲರಿಗೂ. ಹಾಗಾಗಲ್ಲ, ಇದನ್ನ ತುಂಬ ಸಲ ಪರೀಕ್ಷೆ ಮಾಡಿ ನೋಡಿದಾರೆ. "ಸತ್ತು ಹೋಗ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ ಪುಟ್ಟಾ?" ಅಂತ ಬಿಡಿಸಿ ಕೇಳಿ. ಹೌದು ಅಂದ್ರೆ ಬೆಚ್ಚಿಬೀಳ್ದೆ, ಈಗ್ಲೂ ಅನ್ನಿಸ್ತಿದ್ಯಾ, ಹೇಗೆ ಅಂತ ಯೋಚಿಸಿದೀಯಾ ಅಂತ ಮುಂದೆ ಕೇಳಿ. ಪ್ಲಾನ್ ಇದೆ ಅಂದ್ರೆ ಅವತ್ತೇ ಡಾಕ್ಟರ ಹತ್ರ ಅಥವಾ ಎಮರ್ಜೆನ್ಸಿಗೆ, ಅಲ್ಲೀವರೆಗೂ ಯಾರಾದ್ರೂ ಜೊತೇಲೇ ಇರ್ಬೇಕು.

ಮನೇಲಿರೋ ಮಾತ್ರೆಗಳಿಗೆಲ್ಲ ಬೀಗ ಹಾಕಿ, ಅಜ್ಜಿಯ ಬಿಪಿ ಶುಗರ್ ಮಾತ್ರೆನೂ ಸೇರಿ. ಕೀಟನಾಶಕ ಮನೆಯಿಂದಾಚೆ. ಮದ್ಯವೂ ಆಚೆ. ನಶೆಯಲ್ಲಿ ಇದ್ದಾಗ ಆ ಒಂದು ಕೆಟ್ಟ ಗಳಿಗೆಗೂ ಕೈಗೂ ನಡುವೆ ಇರೋ ತಡೆ ತೆಳ್ಳಗಾಗತ್ತೆ, ಹಾಗಾಗಿ ಕೈಗೆ ಸಿಗದ ಹಾಗೆ ಮಾಡೋದೇ ದೊಡ್ಡ ಕೆಲಸ. ಅಪ್ಪಂದಿರಿಗೆ ಒಂದು ಮಾತು: ನಿಮ್ಮ ಬಾಟಲಿಗೆ ಬೀಗ ಹಾಕೋ ಬದಲು ಒಂದು ವರ್ಷ ನೀವೇ ಬಿಟ್ಟು ನೋಡಿ. ಮಗಳಿಗೋಸ್ಕರ ಜೀವ ಕೊಡ್ತೀನಿ ಅನ್ನೋರಿಗೆ ಈ ಮಾತು ಹೇಳಿದಾಗ ಮುಖ ಸಪ್ಪೆ ಆಗೋದನ್ನ ನೋಡಿದೀನಿ.

ಹೆಜ್ಜೆ 6: ಎರಡನ್ನೂ ಒಟ್ಟಿಗೆ ನೋಡೋರನ್ನ ಹುಡುಕಿ

ಇಲ್ಲಿ ತುಂಬ ಅಲೆದಾಟ ಇರತ್ತೆ, ಮೊದಲೇ ಹೇಳ್ತೀನಿ. ಡಿ-ಅಡಿಕ್ಷನ್ ಸೆಂಟರಿನೋರು "ಮೊದಲು ಮನಸ್ಸಿನ ಡಾಕ್ಟರ ಹತ್ರ ಹೋಗಿ" ಅಂತಾರೆ, ಅವರು "ಮೊದಲು ನಶೆ ಬಿಡ್ಸ್ಕೊಂಡು ಬನ್ನಿ, ಆಮೇಲೆ ಟ್ರಾಮಾ (ಆ ಘಟನೆ ಮನಸ್ಸಿಗೆ ಮಾಡಿದ ಗಾಯ) ನೋಡೋಣ" ಅಂತಾರೆ, ಮಗು ನಡುವೆ ಚೆಂಡು. ಮೊದಲು ನಶೆ ಆಮೇಲೆ ನೋವು ಅನ್ನೋದು ಹಳೇ ಕ್ರಮ. ನಶೆ ಬಿಟ್ಟ ತಕ್ಷಣ ನೆನಪೆಲ್ಲ ಬಾಗಿಲು ಬಡಿಯತ್ತೆ, ಆಗ ಪಕ್ಕದಲ್ಲಿ ಯಾರೂ ಇಲ್ಲ ಅಂದ್ರೆ ಮಗು ಎಲ್ಲಿಗೆ ಹೋಗ್ಬೇಕು? ಅಮೆರಿಕದಲ್ಲಿ ಇವೆರಡನ್ನೂ ಸೇರಿಸಿ, ಮನೆಯವರನ್ನೂ ಕೂರಿಸ್ಕೊಂಡು ಮಾಡೋ ಚಿಕಿತ್ಸೆಯೊಂದನ್ನ ಹದಿಹರೆಯದ 124 ಮಕ್ಕಳ ಮೇಲೆ ಪರೀಕ್ಷಿಸಿ 2020ರಲ್ಲಿ ಪ್ರಕಟ ಮಾಡಿದ್ರು, ಮಾಮೂಲಿ ಚಿಕಿತ್ಸೆಗಿಂತ ಅದರಲ್ಲಿ ನಶೆ ಮಾಡೋ ದಿನಗಳು ಇನ್ನೂ ಜಾಸ್ತಿ ಇಳಿದ್ವು. ನೋವಿನ ಬಗ್ಗೆ ಮಾತಾಡಿದ್ರೆ ಕುಡಿತ ಜಾಸ್ತಿ ಆಗತ್ತೆ ಅನ್ನೋ ಭಯಕ್ಕೆ ಇದು ಉತ್ತರ.

ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ನಾಚ್ಕೊಳ್ದೆ ಕೇಳಿ. ಹದಿಹರೆಯದೋರ ಜೊತೆ ಕೆಲಸ ಮಾಡಿದೀರಾ? ಲೈಂಗಿಕ ದೌರ್ಜನ್ಯದ ಕೇಸು ನೋಡಿದೀರಾ? ಮಗು ಇನ್ನೂ ಕುಡೀತಿದ್ರೂ ತಗೊಳ್ತೀರಾ? ಮಗು ಹೇಳಿದ್ದರಲ್ಲಿ ಯಾವುದು ನಮಗೆ ಹೇಳ್ತೀರಾ, ಯಾವುದು ಹೇಳಲ್ಲ? ಈ ಕೊನೇದಕ್ಕೆ "ಎಲ್ಲಾ ನಿಮಗೆ ಹೇಳ್ತೀನಿ" ಅಂತ ಉತ್ತರ ಬಂದ್ರೆ ಬೇರೆ ಕಡೆ ನೋಡಿ, ಅಪ್ಪ ಅಮ್ಮನಿಗೆ ಎಷ್ಟೇ ಇಷ್ಟ ಆದ್ರೂ.

ಥೆರಪಿ ಹೆಸರುಗಳು ಕಿವಿಗೆ ಬಿದ್ದಿರ್ಲಿ. ಟ್ರಾಮಾ ಫೋಕಸ್ಡ್ ಸಿಬಿಟಿ ಅಂತಿದೆ, ಆ ಗಾಯದ ಸುತ್ತ ಬೆಳೆದ ಯೋಚನೆ, ನಡವಳಿಕೆ ಬದಲಾಯಿಸೋಕೆ ಕಲಿಸೋ ಮಾತಿನ ಚಿಕಿತ್ಸೆ, ಮಕ್ಕಳಿಗೆ ಅಂತಲೇ ಮಾಡಿದ್ದು, ಸಾಮಾನ್ಯವಾಗಿ 12ರಿಂದ 16 ಸೆಷನ್, ಅದರಲ್ಲಿ ಮನೆಯವರದ್ದೂ ಪಾಲಿರತ್ತೆ. ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಅಂದ್ರೆ ತಪ್ಪಿಸ್ಕೊಂಡು ಓಡ್ತಿರೋ ನೆನಪಿನ ಎದುರು ಸೇಫ್ ಜಾಗದಲ್ಲಿ ಸ್ವಲ್ಪಸ್ವಲ್ಪವೇ ಕೂರೋದು, ಕೇಳೋಕೆ ಕ್ರೂರ ಅನ್ಸತ್ತೆ, ಆದ್ರೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 61 ಹುಡುಗಿಯರಲ್ಲಿ ಇದನ್ನ ಪಡೆದೋರಿಗೆ ಬರೀ ಸಮಾಧಾನದ ಕೌನ್ಸೆಲಿಂಗ್ ಪಡೆದೋರಿಗಿಂತ ಚೆನ್ನಾಗಿ ವಾಸಿ ಆಯ್ತು. ಇಎಂಡಿಆರ್ ಅಂತ ಇನ್ನೊಂದು, ನೆನಪನ್ನ ಮನಸ್ಸಲ್ಲಿ ಇಟ್ಕೊಂಡೇ ಕಣ್ಣನ್ನ ಆಚೆ ಈಚೆ ಆಡಿಸ್ತಾ ಮಾಡೋ ಚಿಕಿತ್ಸೆ. ಯಾವುದಾದ್ರೂ ಆಗ್ಲಿ, ಮೊದಲ ದಿನಾನೇ ಎಲ್ಲ ಕಕ್ಕಿಸಿ "ಈಗ ಹಗುರ ಆಯ್ತಾ" ಅನ್ನೋರ ಹತ್ರ ಹುಷಾರು.

ಮಾತ್ರೆ ವಿಷಯ. ಘಟನೆ ಆದ ಹೊಸದರಲ್ಲಿ ನಿದ್ದೆ ಬರ್ಲಿ ಅಂತ ಡಯಾಜೆಪಾಮ್ ಥರದ ಮಾತ್ರೆ ಕೊಡೋದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರ ಸೂಚನೆಯಲ್ಲೇ ಹೇಳಿದೆ, ಅದರಿಂದ ಟ್ರಾಮಾ ವಾಸಿ ಆಗಲ್ಲ, ಅಭ್ಯಾಸ ಮಾತ್ರ ಹತ್ಕೊಳ್ಳತ್ತೆ. ಅದರ ಜೊತೆ ಕುಡಿದ್ರಂತೂ ಉಸಿರೇ ನಿಲ್ಲಬಹುದು. ಡಿಪ್ರೆಷನ್ನಿಗೆ ಕೊಡೋ ಮಾತ್ರೆ ಬೇರೆ, ಅದು ಬೇಕಾಗಬಹುದು, ಆದ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಮಗುವಿನ ಮೇಲೆ ಕಣ್ಣಿರ್ಲಿ: ಚಡಪಡಿಕೆ, ಸಾಯೋ ಮಾತು ಹೆಚ್ಚಾದ್ರೆ ಡಾಕ್ಟರಿಗೆ ಅವತ್ತೇ ಹೇಳಿ, ಮನಸ್ಸಿಗೆ ಬಂದ ಹಾಗೆ ನಿಲ್ಲಿಸ್ಬೇಡಿ.

ಮೊದಲ ಕೆಲವು ವಾರ ನಿದ್ದೆಗೆಡೋದು, ಬೆಚ್ಚೋದು, ಅಳೋದು ಎಲ್ಲರಿಗೂ ಇರತ್ತೆ. ಒಂದು ತಿಂಗಳು ದಾಟಿದ್ರೂ ಫ್ಲ್ಯಾಶ್‌ಬ್ಯಾಕು, ಆ ಜಾಗ ಆ ಜನರನ್ನ ತಪ್ಪಿಸೋದು, ಸಣ್ಣ ಸದ್ದಿಗೂ ಹಾರೋದು ಹಾಗೇ ಇದ್ರೆ ಪಿಟಿಎಸ್‌ಡಿ ಅನ್ನೋ ಪ್ರಶ್ನೆ ಬರತ್ತೆ. ನಶೆ ಶುರುವಾಗಿದ್ರೆ ಆ ತಿಂಗಳನ್ನೂ ಕಾಯ್ಬೇಡಿ.

ಹೆಜ್ಜೆ 7: ರಾತ್ರಿಗೆ ಒಂದು ಪ್ಲಾನ್

ಥೆರಪಿ ವಾರಕ್ಕೊಂದು ಗಂಟೆ, ರಾತ್ರಿಗಳು ಮಾತ್ರ ವಾರಕ್ಕೆ ಏಳು. ಹಾಗಾಗಿ ಮಗುವಿನ ಜೊತೆ ಕೂತು, ನೆನಪಿರ್ಲಿ ಜೊತೆ ಕೂತು, ಒಂದು ಚೀಟಿ ಬರೀರಿ. ನಾನು ಹೇಳಿದ ಹುಡುಗಿಯ ಚೀಟೀಲಿ ಏನಿತ್ತು ಅಂದ್ರೆ: ಕೋಣೆ ಬಾಗಿಲಿಗೆ ಒಳಗಿಂದ ಹಾಕೋ ಹೊಸ ಚಿಲಕ (ಹಳೇದರ ಸದ್ದೇ ಬೇಡ ಅಂತ ಬೇರೆ ಥರದ್ದು, ಅಂಗಡೀಲಿ ನಾಲ್ಕೈದು ಎಳೆದು ಕೇಳಿ ಅವಳೇ ಆರಿಸಿದ್ದು), ಲೈಟ್ ಉರೀಲಿ, ಅಮ್ಮ ಒಳಗೆ ಬರೋ ಮುಂಚೆ ಹೆಸರು ಕರೀಬೇಕು. ಅದು ಸಾಲ್ದೆ ಅಪ್ಪ ರಾತ್ರಿ ಹತ್ತಕ್ಕೆ ಹೊರಬಾಗಿಲು ಹಾಕಿದ್ದನ್ನ ಅವಳ ಕಣ್ಣೆದುರೇ ತೋರಿಸ್ಬೇಕು. ಆ ನೆಂಟ ಮನೆಗೆ ಬರೋದು ಅಷ್ಟರಲ್ಲಿ ನಿಂತಿತ್ತು, ಅದಿಲ್ದಿದ್ರೆ ಈ ಚೀಟಿ ಬರೀ ಕಾಗದ.

ನೆನಪು ನುಗ್ಗಿದಾಗ ಮಾಡೋಕೆ: ಕಾಣೋ ಐದು ವಸ್ತು, ಮುಟ್ಟೋ ನಾಲ್ಕು, ಕೇಳೋ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಅಂತ ಎಣಿಸೋದು, ಮುಖಕ್ಕೆ ತಣ್ಣೀರು, ಪಾದ ನೆಲಕ್ಕೆ ಒತ್ತಿ "ಇವತ್ತು ಇಂಥ ತಾರೀಖು, ನಾನು ನನ್ನ ಕೋಣೇಲಿದೀನಿ" ಅಂತ ಬಾಯಿಬಿಟ್ಟು ಹೇಳ್ಕೊಳ್ಳೋದು. ಕೆಲವರಿಗೆ ಕಣ್ಣು ಮುಚ್ಚಿ ಧ್ಯಾನ ಮಾಡು ಅಂದ್ರೆ ಉಲ್ಟಾ ಹೊಡೆಯತ್ತೆ, ಕಣ್ಣು ಮುಚ್ಚಿದ ತಕ್ಷಣ ಅದೇ ಬರತ್ತೆ, ಅವರು ಕಣ್ಣು ಬಿಟ್ಕೊಂಡೇ ಮಾಡ್ಲಿ. ತಗೋಬೇಕು ಅನ್ನೋ ಸೆಳೆತ ಬಂದಾಗ ಇಪ್ಪತ್ತು ಮೂವತ್ತು ನಿಮಿಷ ಮುಂದೂಡೋದು, ಅದು ಅಲೆ ಥರ ಏರಿ ಇಳಿಯತ್ತೆ. ಆ ಹೊತ್ತಿಗೆ ಫೋನ್ ಮಾಡ್ಬಹುದಾದ ಇಬ್ಬರ ಹೆಸರು, ಒಬ್ಬರಲ್ಲ ಇಬ್ಬರು, ಒಬ್ಬರು ಎತ್ತದೇ ಹೋದ್ರೆ?

ಮುಟ್ಟೋದು ತಬ್ಬೋದು ಕೇಳಿ ಮಾಡಿ. ಅಮ್ಮ ಆದ್ರೂ.

ಹೆಜ್ಜೆ 8: ಮತ್ತೆ ಕುಡಿದ ದಿನಕ್ಕೆ ಈಗ್ಲೇ ರೆಡಿ ಇರಿ

ಕುಡೀತಾರೆ. ಕೋರ್ಟ್ ತಾರೀಖಿನ ಹಿಂದಿನ ದಿನ, ಘಟನೆ ನಡೆದ ತಿಂಗಳು ತಿರುಗಿ ಬಂದಾಗ, ಯಾರೋ ಬೀದೀಲಿ ಅದೇ ಥರದ ಶರ್ಟ್ ಹಾಕ್ಕೊಂಡು ಹೋದಾಗ. ತಾರೀಖು ಗೊತ್ತಿರೋದನ್ನ ಕ್ಯಾಲೆಂಡರಲ್ಲಿ ನೀವು ಗುರುತು ಹಾಕಿಟ್ಕೊಳ್ಳಿ, ಮಗು ಕೈಲಿ ಹಾಕಿಸ್ಬೇಡಿ. ಮೂರು ತಿಂಗಳು ಬಿಟ್ಟು ಮತ್ತೆ ಒಂದಿನ ತಗೊಂಡ್ರೆ ಆ ಮೂರು ತಿಂಗಳು ನೀರಲ್ಲಿ ಹೋಗಲ್ಲ. ಒಂದು ಅಪಾಯ ಮಾತ್ರ ಇದೆ, ಬಿಟ್ಟಿದ್ದಾಗ ಮೈಗೆ ತಡ್ಕೊಳ್ಳೋ ಶಕ್ತಿ ಕಮ್ಮಿ ಆಗಿರತ್ತೆ, ಹಳೇ ಅಳತೇಲೇ ತಗೊಂಡ್ರೆ ಓವರ್‌ಡೋಸ್ ಆಗಬಹುದು, ಹೆರಾಯಿನ್, ನೋವಿನ ಸ್ಟ್ರಾಂಗ್ ಮಾತ್ರೆಗಳಲ್ಲಂತೂ ಖಂಡಿತ. ಇದನ್ನ ಬಾಯಿಬಿಟ್ಟು ಹೇಳಿ. ಹೇಳಿದ್ರೆ ತಗೋ ಅಂತ ಪರ್ಮಿಷನ್ ಕೊಟ್ಟ ಹಾಗಲ್ಲ.

ಮನೆಯಲ್ಲಿ ಒಂದು ಒಪ್ಪಂದ ಇಟ್ಕೊಳ್ಳಿ: ಎಲ್ಲಿದ್ರೂ, ಯಾವ ಸ್ಥಿತೀಲಿದ್ರೂ, ಎಷ್ಟು ಹೊತ್ತಿಗಾದ್ರೂ ಫೋನ್ ಮಾಡಿದ್ರೆ ಬಂದು ಕರ್ಕೊಂಡು ಬರ್ತೀವಿ, ಅವತ್ತು ರಾತ್ರಿ ಒಂದು ಮಾತೂ ಕೇಳಲ್ಲ.

ಆ ಹುಡುಗಿ ಐದು ತಿಂಗಳ ಮೇಲೆ ಒಂದು ರಾತ್ರಿ ಯಾರದೋ ಮನೇಲಿ ಕುಡಿದು, ಚೀಟೀಲಿದ್ದ ಎರಡನೇ ನಂಬರಿಗೆ, ಅವಳ ಚಿಕ್ಕಮ್ಮನಿಗೆ ಫೋನ್ ಮಾಡಿದ್ಲು. "ಕುಡಿದಿದೀನಿ, ಬರ್ತೀಯಾ?" ಅಂತ ಅಷ್ಟೇ. ಚಿಕ್ಕಮ್ಮ ಒಂದು ಬಾಟಲಿ ನೀರು, ಎರಡು ಪ್ಲಾಸ್ಟಿಕ್ ಕವರು, ಒಂದು ಟವಲ್ ತಗೊಂಡು ಹೋದ್ರು. ದಾರಿಯುದ್ದಕ್ಕೂ ರೇಡಿಯೋ ಹಾಕ್ಕೊಂಡು ಬಂದ್ರಂತೆ, ಮಾತಾಡೋದು ಬೇಡ ಅಂತ. ಮಾರನೇ ದಿನ ಮಧ್ಯಾಹ್ನ, ಅವಳು ಎದ್ದು ಮುಖ ತೊಳ್ಕೊಂಡು ಬಂದು ಕೂತ್ಮೇಲೆ ಕೇಳಿದ್ದು: "ನಿನ್ನೆ ಕುಡಿಯೋಕೆ ಮುಂಚೆ ಏನಾಯ್ತು?"